ಸ್ಟ್ರೆಚರ್ ತಿರುಗದ ಮೂಲೆ

ಹನ್ನೆರಡು ವರ್ಷ ನಾನು ಕಾಲುವೆ ಕೆಲಸದಲ್ಲಿದ್ದೆ. ಬೀಳಗಿ ಸುತ್ತಲಿನ ಹೊಲಗಳಲ್ಲಿ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಲೇ ಅರ್ಧ ತಲೆ ಬೆಳ್ಳಗಾಗಿತ್ತು. ಆಮೇಲೆ ಸರಕಾರ ನನ್ನನ್ನು ಆಸ್ಪತ್ರೆ ಕಟ್ಟಡಗಳ ಯೋಜನೆಗೆ ವ್ಯವಸ್ಥಾಪಕನನ್ನಾಗಿ ಹಾಕಿತು. ನಾನೇ ಕೇಳಿ ಪಡೆದದ್ದು, ಬಿಸಿಲು ಸಾಕಾಗಿತ್ತು. ಕಟ್ಟಡ ತಾನೇ, ಅದರಲ್ಲೇನಿದೆ ಅಂದುಕೊಂಡಿದ್ದೆ.

ಮೊದಲ ಕೆಲಸ, ಲೋಕಾಪುರದಿಂದ ಬಸ್ಸಿನಲ್ಲಿ ಅರ್ಧ ತಾಸು ದೂರದ ಊರಿನ ಎರಡಂತಸ್ತಿನ ಆಸ್ಪತ್ರೆ. ನಾನು ಹೋಗುವಷ್ಟರಲ್ಲಿ ಗೋಡೆಗಳು ಎದ್ದಿದ್ದವು. ಮಂಜೂರಾದ ನಕ್ಷೆಯನ್ನು ನಾನು ಮತ್ತೆ ಬಿಚ್ಚಿ ನೋಡಲಿಲ್ಲ. ಉದ್ಘಾಟನೆಗೆ ನಾಲ್ಕು ದಿನ ಇದ್ದಾಗ ಗುತ್ತಿಗೆದಾರ ಕೆಲಸ ಮುಗಿದ ಪತ್ರಕ್ಕೆ ಸಹಿ ಕೇಳಿಕೊಂಡು ಬಂದ. ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಅದೇ ಊರಿನ ಹಳೇ ಆಸ್ಪತ್ರೆಯ ಹಿರಿಯ ನರ್ಸ್ ಒಂದು ಸ್ಟ್ರೆಚರ್ ತಳ್ಳಿಸಿಕೊಂಡು ಒಳಗೆ ಬಂದರು.

“ಸಾಹೇಬ್ರ, ಸಹಿ ಆಮ್ಯಾಲ ಮಾಡ್ರಿ. ಮೊದಲ ಈ ಸ್ಟ್ರೆಚರ್ ಮ್ಯಾಲ ಮಲಕೋರಿ.”

ನಾನು ನಕ್ಕೆ. ಆಕೆ ನಗಲಿಲ್ಲ.

ಮಲಗಿದೆ. ಇಬ್ಬರು ವಾರ್ಡ್ ನೌಕರರು, ಒಬ್ಬ ಮುಂದೆ ಒಬ್ಬ ಹಿಂದೆ ಹಿಡಿದು, ಮೇಲಂತಸ್ತಿಗೆ ಹೋಗುವ ಇಳಿಜಾರು ದಾರಿಯಲ್ಲಿ ಒಯ್ದರು. ಮಧ್ಯದ ತಿರುವಿನಲ್ಲಿ ಸ್ಟ್ರೆಚರ್ ಗೋಡೆಗೆ ಬಡಿದು ನಿಂತಿತು. ಮುಂದೆ ಹೋಗದು, ತಿರುಗದು. ಕೆಳಗಿದ್ದವನ ಚಪ್ಪಲಿ ಜಾರಿತು. ನನ್ನ ಸಮೇತ ಸ್ಟ್ರೆಚರ್ ಒಂದು ಮೊಳ ಹಿಂದಕ್ಕೆ ಸರಿಯಿತು. ಎರಡೂ ಕೈಯಿಂದ ಅಂಚು ಹಿಡಿದೆ.

“ಹಿಡೀಲೇ! ಗಟ್ಟಿ ಹಿಡಿ!” ಮೇಲಿದ್ದವನು ಕೂಗಿದ.

ನರ್ಸ್ ನನ್ನ ತಲೆಯ ಹತ್ತಿರ ಬಗ್ಗಿದರು. “ಹೆರಿಗಿ ಕೋಣಿ ಮ್ಯಾಲ ಐತ್ರಿ. ಬ್ಯಾನಿ ತಿನ್ನಾಕತ್ತಾಕಿನ್ನ ಹಿಂಗ ಒಯ್ಯಬೇಕೇನ್ರಿ?”

ಇಳಿದು ಬಂದು ಬಾಗಲಕೋಟೆಯ ಮೇಲಧಿಕಾರಿಗೆ ಫೋನ್ ಮಾಡಿ, ತಿರುವಿನಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ ಎಂದೆ. ಗುತ್ತಿಗೆದಾರ ಎದುರಿಗೇ ನಿಂತಿದ್ದ.

“ಆಮಂತ್ರಣ ಹಂಚಿ ಆತ್ರಿ,” ಎಂದರು ಮೇಲಧಿಕಾರಿ. “ಮೊದಲ ಸಹಿ ಮಾಡ್ರಿ, ಆಮ್ಯಾಲ ನೋಡೂಣು.”

“ಮಾಡಾಂಗಿಲ್ರಿ ಸರ್. ತಿರುವಿನ ಗ್ವಾಡಿ ಒಡೀಬೇಕು.”

“ಹಂಗಾರ ನಿಮಗ ಕಾಲುವಿ ಕೆಲಸನ ಛಲೋ ಇತ್ತು ಬಿಡ್ರಿ.” ಫೋನ್ ಇಟ್ಟರು. ಸಹಿ ಮಾಡದ ಪತ್ರವನ್ನು ಗುತ್ತಿಗೆದಾರನ ಕೈಗೆ ವಾಪಸ್ ಕೊಟ್ಟೆ.

ಉದ್ಘಾಟನೆ ಮುಂದಕ್ಕೆ ಹೋಯಿತು. ಕಾರಣ ಕೇಳುವ ನೋಟಿಸು ಬಂತು. ಕಿರಿದಾದ ತಿರುವು ನಕ್ಷೆಯಲ್ಲೇ ಇತ್ತು, ಅದನ್ನು ನೋಡದೇ ಇದ್ದದ್ದು ನನ್ನದೇ ತಪ್ಪು ಎಂದು ಉತ್ತರ ಬರೆದೆ. ಆ ವರ್ಷ ಬರಬೇಕಾಗಿದ್ದ ಬಡ್ತಿ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಅಗಲ ಮಾಡಿದ ತಿರುವಿನಲ್ಲಿ ಸ್ಟ್ರೆಚರ್ ಸಲೀಸಾಗಿ ತಿರುಗಿತು. ನರ್ಸ್ ಹೊಗಳಲಿಲ್ಲ.

“ಬರ್ರಿ, ಬಾಣಂತ್ಯಾರ ಬಚ್ಚಲಾ ತೋರಸ್ತೇನಿ. ಅಲ್ಲಿ ಹಿಡಕೋಳಾಕ ಒಂದ ಕಬ್ಬಿಣದ ಸಳೀನೂ ಇಲ್ರಿ,” ಎಂದು ಮುಂದೆ ನಡೆದರು.