ಚುಕ್ಕಿ ಕಿವುಡೆಂದು ನಾನು ಹೇಳಲಿಲ್ಲ

“ಹುಚ್ಚುನಾಯಿ ಕಚ್ಚಿತು, ಇಂಜೆಕ್ಷನ್ ಉಳಿಸಿತು.” ಗಂಗಾವತಿಯಲ್ಲಿ ಯಾರನ್ನು ಕೇಳಿದರೂ ನನ್ನ ಕಥೆ ಇಷ್ಟೇ. ಈ ಒಂದು ವಾಕ್ಯದಲ್ಲಿ ಎರಡು ವಾದಗಳಿವೆ. ಎರಡಕ್ಕೂ ಸಾಕ್ಷಿಯಿಲ್ಲ. ಕಚ್ಚಿದ್ದು ಮಾತ್ರ ನಿಜ. ಮುಂಗೈ ಮೇಲೆ ಹಲ್ಲಿನ ಗುರುತಿದೆ. ಕಾಲೇಜಿನ ಚರ್ಚಾಕೂಟದಲ್ಲಿ ಇಂಥದ್ದನ್ನು ಯಾರಾದರೂ ಮಂಡಿಸಿದ್ದರೆ ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ. ಈಗ ಆಗುತ್ತಿಲ್ಲ.

ಚುಕ್ಕಿ ಡಾಲ್ಮೇಷಿಯನ್ ಜಾತಿಯ ನಾಯಿ. ಬಿಳಿ ಮೈತುಂಬ ಮಸಿ ಸಿಡಿದಂತೆ ಕಪ್ಪು ಬೊಟ್ಟು. ಕಾಲುವೆ ಸರ್ವೆಗೆ ಬಂದಿದ್ದ ಬಿಳಿ ಸಾಹೇಬನಿಗೆ ಯುದ್ಧದ ಕರೆ ಬಂತು. ಜೊತೆಗೆ ಒಯ್ಯಲಾಗದ ನಾಯಿಗೆ ಗುಂಡಿಕ್ಕಿ ಹೋಗುತ್ತೇನೆಂದ. ಬೇರೆ ಯಜಮಾನ ಸಿಗುವ ತನಕ ನನ್ನ ಹತ್ತಿರ ಇರಲಿ ಎಂದು ಬೇಡಿ ತಂದೆ. ನಮ್ಮ ಟಾಂಗಾದ ಅಚ್ಚಿನ ಕೆಳಗೆ, ಕುದುರೆಯ ಹಿಂಗಾಲಿಗೆ ಮೂತಿ ತಾಗುವಷ್ಟು ಹತ್ತಿರ, ಕಾರಟಗಿ ದಾರಿಯಲ್ಲಿ ಹರದಾರಿಗಟ್ಟಲೆ ಓಡುತ್ತಿತ್ತು. ಜನ ಅಂಗಡಿ ಬಿಟ್ಟು ನೋಡಲು ಬರುತ್ತಿದ್ದರು.

ಅದು ಹುಟ್ಟುಗಿವುಡು. ಹಿಂದೆ ನಿಂತು ತಾಟು ಬಡಿದರೂ ಅದು ತಿರುಗದಿದ್ದಾಗಲೇ ನನಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ. ಕೈಸನ್ನೆಯಲ್ಲೇ ಕೂಡಿಸಿ, ಎಬ್ಬಿಸಿ, ಮಾತೇ ಬೇಡದಷ್ಟು ಜಾಣ ನಾಯಿ ಎಂದು ಮೆರೆದೆ.

ಒಂದು ಮಧ್ಯಾಹ್ನ, ಮಲಗಿದ್ದ ಅದರ ಬೆನ್ನು ಮುಟ್ಟಿದೆ.

ಕಚ್ಚಿತು.

ನನ್ನನ್ನು ಸಾಕಿದ ಕಾಕಾ ಬಡಿಗೆ ಹಿಡಿದು ಓಡಿಬಂದ. “ಎಷ್ಟ ಕೂಗಿದ್ರೂ ಹೊಳ್ಳಿ ನೋಡವಲ್ದು! ಹುಚ್ಚ ಹಿಡದೈತಿ ಇದಕ್ಕ.”

“ಹುಚ್ಚಲ್ಲ ಕಾಕಾ, ಕಿವುಡೈತಿ. ಬೆಚ್ಚಿ ಕಚ್ಚೇತಿ.”

“ನಿನ್ನೆತನಾ ಊರಾಗಿಲ್ಲದ ಜಾಣ ಅಂತಿದ್ದಿ. ಇವತ್ತ ಕಿವುಡಾತೇನು? ನಿನ್ನ ವಾದಾ ಕಾಲೇಜಿನ್ಯಾಗ ಇಟ್ಕೋ.”

ಅವನು ನಾಯಿಯನ್ನು ಎಳೆದು ಗೂಟಕ್ಕೆ ಕಟ್ಟಿದ. ಮರುದಿನ ಬೆಳಿಗ್ಗೆ ಗೂಟದಲ್ಲಿ ನಾಯಿ ಇರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಅದನ್ನು. “ನಾಯಿ ಎಲ್ಲೈತ್ರಿ? ಹತ್ತು ದಿನ ಕಟ್ಟಿ ನೋಡ್ರಿ. ಬದುಕಿದ್ರ ಹುಚ್ಚಲ್ಲ, ಇಂಜೆಕ್ಷನ್ ಬಂದ್ ಮಾಡೋಣು.”

“ನಾಯಿ ಹೋತ್ರಿ ಸಾಹೇಬ್ರ,” ಎಂದ ಕಾಕಾ.

“ಹೋತು ಅಂದ್ರ? ಸತ್ತು ಹೋತೋ, ಓಡಿ ಹೋತೋ?”

“ಹೋತ್ರಿ.”

ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್ ಆಗಬೇಕಿತ್ತು, ಹೊಟ್ಟೆಗೆ. ಹೊಕ್ಕಳ ಸುತ್ತ ಬಾತು ಧೋತರದ ಗಂಟು ಕಟ್ಟಲಾಗುತ್ತಿರಲಿಲ್ಲ. ಹನ್ನೊಂದನೆಯದರ ಮರುದಿನ ಎದ್ದು ನಿಲ್ಲಲು ಹೋದೆ.

ಕಾಲು ಇರಲಿಲ್ಲ.

ಇದ್ದವು, ನನ್ನವಾಗಿರಲಿಲ್ಲ. ಡಾಕ್ಟರು ಅಂಗಾಲಿಗೆ ಸೂಜಿ ಒತ್ತಿ ನೋಡಿದರು. “ಇದು ನಾಯಿ ನಂಜೋ, ಔಷಧದ ರಿಯಾಕ್ಷನ್ನೋ, ಆ ನಾಯಿನ್ನ ನೋಡಿದ್ರ ಹೇಳ್ತಿದ್ದೆ.” ನಂಜಾದರೆ ಇಂಜೆಕ್ಷನ್ ಬಿಡಬಾರದು, ರಿಯಾಕ್ಷನ್ ಆದರೆ ಇನ್ನೊಂದು ಕೊಡಬಾರದು. ಅವರು ಊಹೆಯ ಮೇಲೆ ಇಂಜೆಕ್ಷನ್ ನಿಲ್ಲಿಸಿದರು. ಜೀವ ಪಣಕ್ಕಿಟ್ಟ ಊಹೆ.

ನಮ್ಮ ಅಜ್ಜಿ ಊಹೆಯನ್ನು ನಂಬುವವಳಲ್ಲ. ನಾಯಿಯಿಂದ ಕಚ್ಚಿಸಿಕೊಂಡವರು ಏಳು ಬಾವಿ ಇಣುಕಬೇಕು. ನೀರಲ್ಲಿ ನಾಯಿ ಕಂಡರೆ ಬದುಕುವುದಿಲ್ಲ ಎಂಬ ನಂಬಿಕೆ. ನಕ್ಕೆ. ಕಾಕಾ ನನ್ನನ್ನು ಬೆನ್ನಿಗೆ ಹೊತ್ತ. ನಾಲ್ಕನೆಯ ಬಾವಿಯ ನೀರಿನ ಮೇಲೆ ಬೇವಿನ ನೆರಳು ಬೊಟ್ಟುಬೊಟ್ಟಾಗಿ ಅಲುಗುತ್ತಿತ್ತು. ನೆರಳೇ. ನನಗೆ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿಕೊಂಡೆ.

“ಕಂಡ್ತೇನೋ?” ಅಜ್ಜಿ ಕೇಳಿದಳು.

“ಏನೂ ಇಲ್ಲ,” ಎಂದೆ. ಕಾಕಾನ ಬೆನ್ನು ಬೆವರಿತ್ತು.

ಎರಡು ತಿಂಗಳಾಯಿತು. ಕೋಲೂರಿ ಅಂಗಳ ದಾಟುತ್ತೇನೆ. ಬದುಕಿದ್ದೇನೆ, ಅಷ್ಟಕ್ಕೆ ಎಲ್ಲರಿಗೂ ಋಣಿ. ಯಾವುದರಿಂದ ಬದುಕಿದೆ ಎಂದು ಮಾತ್ರ ಗೊತ್ತಿಲ್ಲ. ನಾಯಿಯನ್ನು ತಾನೇ ಕೊಂದೆ ಎಂದು ಕಾಕಾ ಅಜ್ಜಿಗೆ ಹೇಳಿದ್ದಾನೆ. ಹರಿಗೋಲಿನಲ್ಲಿ ದಾಟಿಸಿ ಹೊಳೆ ನಡುವಿನ ವಿರೂಪಾಪುರಗಡ್ಡೆಯ ಗದ್ದೆಯಲ್ಲಿ ಬಿಟ್ಟುಬಂದೆ ಎಂದು ನನಗೆ ಹೇಳಿದ. ನಿನ್ನೆ ಅವನು ನನ್ನ ರಟ್ಟೆ ಹಿಡಿದು ನಡೆಸುತ್ತಿದ್ದಾಗ ನಿಂತುಬಿಟ್ಟೆ. ಅವನೂ ನಿಂತ.

“ಕುದುರಿ ಹಿಂಗಾಲ ಬಿಡದ ನಾಯಿ, ಬಿಟ್ಟು ಹೊಳ್ಳಿದಾಗ ನಿನ್ನ ಹಿಂದ ಬರಲಿಲ್ಲೇನು, ಕಾಕಾ?”