ಖಾಲಾನ ಮನೆ ನಂಬರು

ಶಹಾಪುರದಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಕೌದಿ ಹೊಲಿಯುವ ಮುದುಕಿ ಒಬ್ಬಳೇ ಇದ್ದಳು. ಎಲ್ಲರಿಗೂ ಅವಳು ಖಾಲಾ. ಕಾಲುವೆ ತೋಡಲು ಪಾಲಮೂರಿನ ಕಡೆಯಿಂದ ಬಂದ ಕೂಲಿಗಳು ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ಮನೆ ನಂಬರಿಲ್ಲದೆ ಅವರಿಗೆ ರೇಷನ್ ಕಾರ್ಡು ಸಿಗುತ್ತಿರಲಿಲ್ಲ. ಬಂದವರಿಗೆಲ್ಲ ಖಾಲಾ ಹಲ್ಲಿನಿಂದ ದಾರ ಕಡಿಯುತ್ತ, "ನಮ್ಮನಿ ನಂಬರ್ ಬರಸ್ರಿ" ಎನ್ನುತ್ತಿದ್ದಳು.

ಆಗ ನಾನು ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ಒಂದೇ ನಂಬರಿನಲ್ಲಿ ಹನ್ನೊಂದು ಸಂಸಾರ ಕಂಡು ಸಾಹೇಬರಿಗೆ ಅನುಮಾನ ಬಂತು. ತನಿಖೆಗೆ ನನ್ನನ್ನೂ ಕರೆದುಕೊಂಡು ಹೋದರು. ಒಂದೇ ಕೋಣೆ, ಗೂಟಕ್ಕೆ ಒಂದೇ ಸೀರೆ, ತೊಳೆದು ಬೋರಲು ಹಾಕಿದ ಒಂದೇ ತಾಟು.

"ಇವರೆಲ್ಲ ಎಲ್ಲದಾರ?" ಸಾಹೇಬರು ಕೇಳಿದರು.

"ಕೆಲಸಕ್ಕ ಹೋಗ್ಯಾರ್ರಿ. ಸಂಜಿಗೆ ಬರ್ತಾರ." ಖಾಲಾನ ಸೂಜಿ ನಿಲ್ಲಲಿಲ್ಲ.

ಸಾಹೇಬರು ನನ್ನ ಮುಖ ನೋಡಿದರು. "ಹೌದ್ರಿ. ನಾನೂ ಇದೇ ಓಣ್ಯಾಂವ, ದಿನಾ ನೋಡ್ತೀನ್ರಿ" ಎಂದೆ. ಅವರು ಕಡತ ಮುಚ್ಚಿದರು.

ಆ ಸಂಜೆ ಕಚೇರಿಯಿಂದ ಬರುವಾಗ ಖಾಲಾನ ಬಾಗಿಲು ತೆರೆದಿತ್ತು. ಒಳಗೆ ನೆಲದ ತುಂಬ ಕೌದಿಗಳನ್ನು ಹಾಸಿ, ಹೊಸ್ತಿಲ ಮೇಲೆ ಕೂತು ಕಾಲುವೆಯ ಕಡೆ ನೋಡುತ್ತಿದ್ದಳು.

"ಯಾರ ಹಾದಿ ನೋಡಾಕತ್ತಿ ಖಾಲಾ?"

"ಸಂಜಿ ಆತಲ್ಲ, ಬೇಟಾ" ಎಂದಳು.