ಎರಡನೇ ಚರಣದ ಉಸಿರು

ನನ್ನ ಹಾಡಿನ ಗ್ರಾಮಫೋನ್ ಪ್ಲೇಟನ್ನು ಹೊಗಳಿದವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತೆಗಳಿದವರೇನೂ ಸಾಚಾ ಅಲ್ಲ. ಆದರೆ ಬೈದವನು ಒಂದು ದಿನ ಬೈದು ಮನೆಗೆ ಹೋಗುತ್ತಾನೆ; ಹೊಗಳುವವನು ಜಗಲಿ ಬಿಟ್ಟು ಏಳುವುದೇ ಇಲ್ಲ.

ಎಪ್ಪತ್ತರ ದಶಕದ ಮಾತು. ನಾನು ಹುಣಸೂರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಮ್ಮ. ಕೆ.ಆರ್. ನಗರದ ಗಂಡನ ಮನೆಯನ್ನು ವರ್ಷ ತುಂಬುವ ಮೊದಲೇ ಬಿಟ್ಟು ಬಂದವಳು. ಆವತ್ತು ಹಂಪಾಪುರದ ತವರಿಗೆ ಹೋದರೆ ಅವ್ವ ಬಾಗಿಲಿಗೆ ಅಡ್ಡ ನಿಂತು, "ಧಾರೆ ಎರ್ದು ಕಳ್ಸಿವ್ನಿ. ಈ ವಸ್ಲು ಇನ್ನು ನಿಂದಲ್ಲ, ಓಗು" ಅಂದಳು. ಅಲ್ಲಿಂದಾಚೆಗೆ ಮಾತಿಲ್ಲ, ಕತೆಯಿಲ್ಲ. ಅಣ್ಣನ ಕೈಲಿ ಹೇಳಿಕಳಿಸಿದರೆ ನನ್ನ ಹೆಸರು ಬಂದ ಕೂಡಲೇ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳಂತೆ.

ಅದಕ್ಕೇ ಹಾಡು ಕಟ್ಟಿದೆ. ಹಾಡಿಗಾದರೆ ಬಾಗಿಲು ಹಾಕಲು ಆಗುವುದಿಲ್ಲವಲ್ಲ! ಮೂರು ಚರಣ. ಮೊದಲೆರಡರಲ್ಲಿ ನನ್ನ ಸಂಸಾರದ ರಾಮಾಯಣ. ಮೂರನೆಯದರಲ್ಲಿ ನೇರವಾಗಿ, "ಅವ್ವಾ, ಮನೆಗೆ ಬರಲೇನು?" ಆ ಒಂದು ಸಾಲಿಗಾಗಿಯೇ ಮಿಕ್ಕಿದ್ದೆಲ್ಲ.

ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮಂಡಿಯ ಗುಮಾಸ್ತನೊಬ್ಬ ಕೊಡಗಿನ ಎಸ್ಟೇಟಿನವರಿಂದ ಗಿಟಾರು ಕಲಿತಿದ್ದ. ಮದುವೆ ಬ್ಯಾಂಡಿನವನೊಬ್ಬ ಡ್ರಮ್ಮಿಗೆ ಸಿಕ್ಕಿದ. ಮೂವರೂ ಮದ್ರಾಸಿಗೆ ಹೋದೆವು. ಸ್ಟುಡಿಯೋದ ಏಸಿ ತಣ್ಣಗೆ ಕೊರೆಯುತ್ತಿತ್ತು. ಚಿಕ್ಕಂದಿನಿಂದ ನನಗೆ ಉಬ್ಬಸ. ಎರಡನೇ ಚರಣ ಎತ್ತುವಾಗ ಉಸಿರು ಸಿಕ್ಕಿಹಾಕಿಕೊಂಡಿತು. ಗಂಟಲು ಸೊಯ್ ಅಂದಿತು, ನುಂಗಿಕೊಂಡು ಮುಂದುವರಿಸಿದೆ. ಇನ್ನೊಂದು ಸಲ ಹಾಡುತ್ತೇನೆ ಅಂದರೆ, ಅಲ್ಲಿನ ಮಹಾನುಭಾವ ಆಗಲೇ ಮುಂದಿನ ಪಾರ್ಟಿಯನ್ನು ಒಳಗೆ ಕರೆಯುತ್ತಿದ್ದ. ಆ ಸೊಯ್ ಹಾಗೇ ಪ್ಲೇಟಿನಲ್ಲಿ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ಪಂಡಿತರ ಹಾವಳಿ. ಮೈಸೂರಿನ ವಾರಪತ್ರಿಕೆಯ ಸಂಗೀತ ವಿಮರ್ಶಕರು, ಇದು ಭಾವಗೀತೆಯೂ ಅಲ್ಲ, ಸಿನಿಮಾ ಹಾಡೂ ಅಲ್ಲ, ರಾಗವಿಲ್ಲ, ತಾಳ ಬ್ಯಾಂಡಿನದು ಅಂತ ಬರೆದರು. ಅಷ್ಟಕ್ಕೇ ಬಿಟ್ಟಿದ್ದರೆ ಕ್ಷಮಿಸುತ್ತಿದ್ದೆ. "ಎರಡನೇ ಚರಣದ ಏದುಸಿರು ಪಾಶ್ಚಾತ್ಯರ ಕುರುಡು ಅನುಕರಣೆ" ಅಂದುಬಿಟ್ಟರು. ಅಯ್ಯಾ ಪುಣ್ಯಾತ್ಮ, ಉಬ್ಬಸವನ್ನೂ ಯಾರಾದರೂ ವಿಲಾಯಿತಿಯಿಂದ ತರಿಸಿಕೊಳ್ಳುತ್ತಾರೆಯೇ? ಕೆ.ಆರ್. ನಗರದ ಸಾಹಿತ್ಯಾಸಕ್ತರು ಇನ್ನೂ ಒಂದು ಕೈ ಮೇಲು. ಸಭೆ ಸೇರಿ, ಉಪ್ಪಿಟ್ಟು ತಿಂದು, ಅದೇ ಸೊಯ್‌ನಲ್ಲಿ "ನೊಂದ ಹೆಣ್ಣಿನ ಮೌನ" ಕಂಡುಹಿಡಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ. ಕೋಣವೇ ವಾಸಿ, ಭಾಷಣ ಮಾಡುವುದಿಲ್ಲ.

ಅಭಿಮಾನಿಗಳ ಸಂತತಿ ಬೇರೆ. ಕಂಪಲಾಪುರದ ಒಬ್ಬ ಜಮೀನ್ದಾರರ ಮಗ, ಬೀದಿ ಗುಡಿಸುವಂಥ ಬೆಲ್‌ಬಾಟಮ್ ತೊಟ್ಟು ಪ್ರತಿ ಭಾನುವಾರ ನನ್ನ ಮನೆ ಮುಂದೆ ಹಾಜರು.

"ಆ ಉಸ್ರು ತಗೀತೀರಲ್ಲ ಮೇಡಂ, ಅದು ನನ್ನ್ ಎದೆಗೇ ಬಂದು ತಾಗ್ತದೆ ಕಣ್ರೀ. ಯಾರ್ನ ನೆನೆಸ್ಕೊಂಡು ತಗುದ್ರಿ?"

"ಡಾಕ್ಟ್ರನ್ನ," ಅಂದೆ.

ನಕ್ಕ. ಮಹಾ ಚತುರೆ ನಾನು ಅಂತ ಊರಲ್ಲೆಲ್ಲ ಹೇಳಿಕೊಂಡು ಬಂದ. ಇಂಥವರಿಗೆ ಹಾಡುವುದಕ್ಕಿಂತ ಗೋಡೆಗೆ ಸುಣ್ಣ ಬಳಿಯುವುದು ಲೇಸು ಅನ್ನಿಸಿತು. ಇಷ್ಟೆಲ್ಲ ಕಿವಿಗಳಿಗೆ ಬಿದ್ದರೂ ಬೀಳಬೇಕಾದ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಅವ್ವನ ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ.

ಅಷ್ಟರಲ್ಲಿ ಸರಗೂರಿನಲ್ಲಿದ್ದ ಟೆಂಟ್ ಸಿನಿಮಾ ಹಂಪಾಪುರಕ್ಕೆ ಬಂತು. ಟೆಂಟಿನ ಪದ್ಧತಿ ಗೊತ್ತಲ್ಲ. ಸಂಜೆ ಬಿದಿರು ಗಳದ ತುದಿಯ ಹಾರನ್ನಿನಲ್ಲಿ ದೇವರ ಹಾಡು ಬಂದರೆ ಟಿಕೆಟ್ ಶುರು. ಕೊನೆಯ ಪ್ಲೇಟು ಬಂದರೆ ಪಿಕ್ಚರ್ ಇನ್ನೇನು ಬಿಟ್ಟರು ಅಂತ ಅರ್ಥ. ಸುತ್ತಲ ಹಳ್ಳಿಯವರು ಅದನ್ನು ಕೇಳಿಕೊಂಡೇ ಹೆಜ್ಜೆ ಹಾಕುತ್ತಿದ್ದರು. ನಮ್ಮ ಗಿಟಾರಿನ ಗುಮಾಸ್ತ ಟೆಂಟಿನ ಮಾಲೀಕನಿಗೆ ನನ್ನ ಪ್ಲೇಟು ಕೊಟ್ಟಿದ್ದ. ಮಾಲೀಕ ಅದನ್ನೇ ಕೊನೆಯ ಪ್ಲೇಟು ಮಾಡಿಕೊಂಡ. ಡ್ರಮ್ಮಿನ ಏಟಿಗೆ ಜನ ಬೇಗ ಓಡುತ್ತಾರಂತೆ! ನನ್ನ ಸಂಕಟ ಎತ್ತಿದ ಕೂಡಲೇ, "ಆಯಮ್ಮನ್ ಪ್ಲೇಟ್ ಆಕುದ್ರು, ಓಡ್ರಲಾ!" ಅಂತ ಗಂಡಸರು ಪಂಚೆ ಎತ್ತಿಕಟ್ಟಿ ಗದ್ದೆ ಬದುವಿನ ಮೇಲೆ ಓಡುತ್ತಿದ್ದರಂತೆ. ಇದು ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಮನ್ನಣೆ.

ಆದರೂ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ಟೆಂಟು ಹಾಕಿದ ಬಯಲಿಗೂ ನಮ್ಮ ಮನೆಗೂ ನಡುವೆ ಒಂದು ಕೆರೆ ಅಷ್ಟೆ. ಅವ್ವ ಕೇಳುತ್ತಾಳೆ! ಅಣ್ಣ ಹುಣಸೂರು ಸಂತೆಗೆ ಬಂದಾಗ ಹಿಡಿದು ಕೇಳಿದೆ. "ಕೇಳ್ತದೆ ಕಣವ್ವ, ದಿನಾ ಕೇಳ್ತದೆ. ಆದ್ರೆ ಎಲ್ಡ್ ಚರಣಕ್ಕೇ ಟೆಂಟ್ನೋನು ಪ್ಲೇಟಿನ್ ಮುಳ್ ಎತ್ಬುಡ್ತಾನೆ," ಅಂದ.

ಬಸ್ಸು ಹತ್ತಿ ಹೋಗಿ ಮಾಲೀಕನ ಮುಂದೆ ನಿಂತೆ. ಮೂರನೇ ಚರಣ ಒಂದು ದಿನವಾದರೂ ಹಾಕಿ ಅಂತ ಕೈ ಮುಗಿದೆ.

"ಎಲ್ಡನೇದ್ಕೇ ಟೆಂಟು ತುಂಬೋಯ್ತದೆ ಕಣಮ್ಮ. ಆಮೇಲೂ ಪಿಕ್ಚರ್ ಬುಡ್ದೆ ಅಳೂನ್ ಕೇಳುಸ್ತಾ ಕೂತ್ರೆ ಬೆಂಚ್ ಮುರಿತಾರೆ. ಮೂರ್ನೇದ್ರಲ್ಲಿ ಅಂತದ್ದೇನದೆ?"

ಏನಿದೆ ಅಂತ ಆ ಮೂಢನಿಗೆ ಹೇಳಲು ಬಾಯಿ ಬರಲಿಲ್ಲ. ಕೆರೆ ದಾಟಿ ಮನೆಗೆ ಹೋಗುವ ಧೈರ್ಯವೂ ಬರಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸಾದೆ.

ಮುಂದಿನ ಭಾನುವಾರ ಬೆಳಿಗ್ಗೆ ಯಾರೋ ಕದ ತಟ್ಟಿದರು. ಬೆಲ್‌ಬಾಟಮ್ಮೇ ಇರಬೇಕು, ಇವತ್ತು ಪೊರಕೆಯಲ್ಲೇ ಮಂಗಳಾರತಿ ಎತ್ತುತ್ತೇನೆ ಅಂತ ಕದ ತೆಗೆದರೆ, ಅವ್ವ. ಕಂಕುಳಲ್ಲಿ ರಾಗಿಹಿಟ್ಟಿನ ಗಂಟು, ಸೆರಗಿನ ತುದಿಯಲ್ಲಿ ಮೆಣಸಿನಕಾಳು.

"ಉಬ್ಸ ತಿರ್ಗಾ ಬಂದದಾ?" ಅಂದಳು.

ನಾನು ಕೈ ಚಾಚಿ ಗಂಟು ತೆಗೆದುಕೊಂಡೆ.

"ಎಲ್ಡ್ನೇ ಸಲ ಎತ್ತುವಾಗ ಉಸ್ರು ಸಿಕ್ಕಾಕತದಲ್ಲ. ದಿನಾಲೂ ಅಲ್ಲೇ ಸಿಕ್ಕಾಕತದೆ. ಪ್ಲೇಟು ಅಂತ ನಂಗೂ ಗೊತ್ತು ಕಣೆ. ಆದ್ರೂ ಇವತ್ತಾದ್ರೂ ಸರಿಯಾಗದಾ ಅಂತ ಇಟ್ಟು ತೊಳ್ಸದ್ ಬುಟ್ಟು ಜಗ್ಲಿಗ್ ಬಂದು ಕೇಳ್ತಿದ್ದೆ."

ಅಳು ಬಂತು. ಅತ್ತೆ. ಆದರೂ ಚಾಳಿ ಬಿಡುತ್ತದೆಯೇ? ಮೂಗು ಒರೆಸಿಕೊಂಡು, "ಹಾಡು ಹೆಂಗಿತ್ತವ್ವಾ?" ಅಂದೆ.

"ಆಡಾ? ನಿಮ್ಮಪ್ಪನಂಗೇ, ಸುತಿ ಇಲ್ಲ. ಮೊದ್ಲು ಕೂತ್ಕೊ, ಉಪ್ಪಿನ್ ಸಾಕ ಕೊಡ್ತೀನಿ."

ಹಂಚಿನ ಮೇಲೆ ಉಪ್ಪು ಚಿಟಚಿಟ ಅಂದಿತು. ಬಟ್ಟೆಯಲ್ಲಿ ಕಟ್ಟಿ ನನ್ನ ಬೆನ್ನಿಗೆ ಒತ್ತಿದಳು. ಬರಲೇನು ಎಂದು ನಾನು ಮದ್ರಾಸಿಗೆ ಹೋಗಿ ಹಾಡಿ ಬಂದಿದ್ದು ಅವಳ ಕಿವಿಗೆ ಬಿದ್ದೇ ಇರಲಿಲ್ಲ.

"ಬಟ್ಟೆ ಕಟ್ಕೊ ಮಗಾ," ಅಂದಳು. "ಸಂಜೆ ಬಸ್ಸಿಗೆ ಮನೆಗ್ ಓಗಾನ."